ಉಚಿತ ಸ್ಕ್ಯಾನ್ ಮಾಡಿಸಿ, ಸೆನ್ಸರ್ ಮಾತ್ರ ಅಲ್ಲೇ ಕೊಳ್ಳಬೇಡಿ

ವಾಹನ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಉಚಿತವಾಗಿ ಸ್ಕ್ಯಾನ್ ಮಾಡಿ, ‘ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ, ಇವತ್ತೇ ಹಾಕಿಸಿದರೆ ರಿಯಾಯಿತಿ’ ಎಂದರು. ಹಾಕಿಸಲೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂಬುದಷ್ಟೇ ಪಿ0171ರ ಅರ್ಥ. ಅದನ್ನು ಪತ್ತೆ ಹಚ್ಚಿದ್ದೇ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್. ದೂರು ಕೊಡಲು ಬಂದವನನ್ನೇ ಲಾಕಪ್ಪಿಗೆ ಹಾಕಿದ ಹಾಗಾಯಿತು ಇದು. ಸೆನ್ಸರ್ ಕೆಟ್ಟಿರುವ ಸಾಧ್ಯತೆ ಇಲ್ಲವೆಂದಲ್ಲ. ಆದರೆ ಸೆನ್ಸರಿನ ಹೀಟರ್ ಕೆಟ್ಟರೆ ಸಾಮಾನ್ಯವಾಗಿ ಪಿ0135ರಂಥ ಬೇರೆ ಕೋಡ್ ಬರುತ್ತದೆ, ಆಗಲೂ ಮೊದಲು ನೋಡಬೇಕಾದ್ದು ಫ್ಯೂಸ್ ಮತ್ತು ವೈರು.

ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ನೋಡಿ. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಹೋಗುವ ದಪ್ಪ ರಬ್ಬರ್ ಹೋಸ್‌ನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ, ಬಿರುಕು ಇದೆಯೇ ಪರೀಕ್ಷಿಸಿ. ಎರಡೂ ತುದಿಯ ಕ್ಲ್ಯಾಂಪ್ ಬಿಗಿಯಾಗಿರಬೇಕು. ಸಣ್ಣ ವ್ಯಾಕ್ಯೂಮ್ ಹೋಸ್‌ಗಳು ಕಳಚಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇತ್ತೀಚೆಗೆ ಸರ್ವಿಸ್ ಆಗಿದ್ದರೆ ಫಿಲ್ಟರ್ ಡಬ್ಬಿಯ ಕ್ಲಿಪ್ ಸರಿಯಾಗಿ ಕೂತಿಲ್ಲದಿರಬಹುದು. ಕಬ್ಬಿನ ಗದ್ದೆ, ಭತ್ತದ ಗದ್ದೆಯ ಪಕ್ಕ ಕಾರು ನಿಲ್ಲಿಸುವವರು ಇಲಿ ಕಡಿದ ಹೋಸ್, ವೈರುಗಳನ್ನೂ ಹುಡುಕಬೇಕು. ಮಂಡ್ಯ, ಶ್ರೀರಂಗಪಟ್ಟಣದ ಕಡೆ ಇದು ಅಪರೂಪವಲ್ಲ, ಹೊಸ ಸೆನ್ಸರಿನಿಂದ ಗುಣವಾಗುವುದೂ ಇಲ್ಲ.

ಕಣ್ಣಿಗೆ ಏನೂ ಕಾಣದಿದ್ದರೆ ಮೆಕ್ಯಾನಿಕ್ ಬಳಿ ‘ಲೈವ್ ಡೇಟಾ ನೋಡಿ’ ಎಂದು ಕೇಳಿ. ಅದರಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಎಂಬ ಅಂಕಿ, ಅಂದರೆ ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಶೇ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ ಇರುತ್ತದೆ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಸರಿ, ಶೇ 10ಕ್ಕಿಂತ ಮೇಲೇ ನಿಂತಿದ್ದರೆ ತೊಂದರೆ. ಒಳಹೋಗುವ ಗಾಳಿಯನ್ನು ಅಳೆಯುವ ಮ್ಯಾಸ್ ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಐಡಲಿಂಗ್‌ನಲ್ಲಿ ಅಂಕಿ ಜಾಸ್ತಿಯಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ನುಸುಳುತ್ತಿದೆ. ವೇಗ ಹೆಚ್ಚಿದಂತೆ ಅಂಕಿಯೂ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಕೊಳೆ ಹಿಡಿದ ಏರ್ ಫ್ಲೋ ಸೆನ್ಸರ್ ಕಡೆ ಕೈ ತೋರಿಸುತ್ತದೆ. ಈ ತಪಾಸಣೆಗೆ ಮೆಕ್ಯಾನಿಕ್ ಶುಲ್ಕ ಕೇಳಿದರೆ ಧಾರಾಳವಾಗಿ ಕೊಡಿ. ಬೇಡದ ಸೆನ್ಸರಿಗೆ ಸುರಿಯುವ ದುಡ್ಡಿಗಿಂತ ಕಡಿಮೆಯೇ ಆಗುತ್ತದೆ. ಒಮ್ಮೆ ಜೋಡಿಸಿದ ಎಲೆಕ್ಟ್ರಿಕ್ ಭಾಗವನ್ನು ಹೆಚ್ಚಿನ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದೂ ಇಲ್ಲ.

ಅಂಗಡಿಯವರು ‘ಕೋಡ್ ಅಳಿಸಿ ದೀಪ ಆರಿಸಿಕೊಡುತ್ತೇವೆ’ ಎಂದರೆ ಒಪ್ಪಬೇಡಿ. ದೋಷ ಕಂಡಾಗ ಎಂಜಿನ್ ಎಷ್ಟು ಬಿಸಿಯಿತ್ತು, ಯಾವ ವೇಗದಲ್ಲಿತ್ತು ಎಂಬ ದಾಖಲೆಯೂ ಕೋಡ್ ಜೊತೆಗೇ ಅಳಿಸಿಹೋಗುತ್ತದೆ. ಕೋಡ್ ಸಂಖ್ಯೆಯನ್ನು ಬರೆಸಿಕೊಂಡು, ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಂಡು ಹೊರಡಿ. ಉಚಿತ ಸ್ಕ್ಯಾನ್‌ನಿಂದ ನಿಮಗೆ ಸಿಗುವ ನಿಜವಾದ ಲಾಭ ಅದೇ. ದೀಪ ಸ್ಥಿರವಾಗಿ ಉರಿಯುತ್ತಿದ್ದು, ಎಂಜಿನ್ ಎಂದಿನಂತೆ ಓಡುತ್ತಿದ್ದರೆ ಎರಡು ಮೂರು ದಿನ ವಿಚಾರಿಸಲು ಸಮಯವಿದೆ. ದೀಪ ಮಿನುಗುತ್ತಿದ್ದರೆ ಮಾತ್ರ ತಡಮಾಡಬೇಡಿ: ಮಿಸ್‌ಫೈರ್ ಆಗಿ ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರುತ್ತದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಪ್ರಶ್ನೆ: ಉಚಿತ ಬ್ಯಾಟರಿ ತಪಾಸಣಾ ಶಿಬಿರದಲ್ಲಿ ಎರಡು ವರ್ಷದ ಬ್ಯಾಟರಿಯನ್ನು ‘ರಿಪ್ಲೇಸ್’ ಎಂದು ಯಂತ್ರ ತೋರಿಸಿತು. ಕಾರು ಈಗಲೂ ಸ್ಟಾರ್ಟ್ ಆಗುತ್ತಿದೆ. ಎಕ್ಸ್‌ಚೇಂಜ್ ಕೊಡಲೇ?
– ಓದುಗರು, ಮಂಡ್ಯ

ಉತ್ತರ: ಮೊದಲು ವಾರಂಟಿ ಕಾರ್ಡ್ ಹುಡುಕಿ. ಎರಡು ವರ್ಷದ ಬ್ಯಾಟರಿಗೆ ವಾರಂಟಿ ಇನ್ನೂ ಉಳಿದಿರಬಹುದು. ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟರೆ ಆ ಹಕ್ಕು ಕೈತಪ್ಪುತ್ತದೆ.

ಆ ಕೈಯಂತ್ರ ಬ್ಯಾಟರಿಯ ಒಳ ಸಾಮರ್ಥ್ಯವನ್ನು ಅಂದಾಜು ಮಾಡುತ್ತದೆ. ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿದ್ದರೆ, ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಅಥವಾ ಬ್ಯಾಟರಿ ಮೇಲೆ ಬರೆದಿರುವ ಸಿಸಿಎ (ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಲು ಬ್ಯಾಟರಿ ಕೊಡಬಲ್ಲ ಕರೆಂಟ್) ಅಂಕಿಗಿಂತ ಹೆಚ್ಚಿನದನ್ನು ಯಂತ್ರಕ್ಕೆ ಕೊಟ್ಟಿದ್ದರೆ ಒಳ್ಳೆಯ ಬ್ಯಾಟರಿಯೂ ಫೇಲ್ ಆಗುತ್ತದೆ. ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವುದೇ ಕಷ್ಟ. ಟರ್ಮಿನಲ್ ತೊಳೆದು, ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಚಾರ್ಜ್ ನಿಂತಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಬದಲಿಸಲೇಬೇಕು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಆಗ ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ.

ಪ್ರಶ್ನೆ: ಪಿ0301 ಬಂದಿದೆ, ನಾಲ್ಕೂ ಇಗ್ನಿಷನ್ ಕಾಯಿಲ್ ಬದಲಿಸಬೇಕು ಎನ್ನುತ್ತಿದ್ದಾರೆ. ನಿಜವೇ?
– ಓದುಗರು, ಮದ್ದೂರು

ಉತ್ತರ: ಪಿ0301 ಅಂದರೆ 1ನೇ ಸಿಲಿಂಡರಿನ ಮಿಸ್‌ಫೈರ್ ಮಾತ್ರ. ಕಾಯಿಲ್ ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ. ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಾದರೆ, ಎಂಜಿನ್ ಆರಿಸಿ 1ನೇ ಕಾಯಿಲನ್ನು 2ನೇದರ ಜಾಗಕ್ಕೆ ಅದಲುಬದಲು ಮಾಡಿಸಿ. ಕೋಡ್ ಬರೆದಿಟ್ಟುಕೊಂಡು ಅಳಿಸಿ, ಮಿಸ್‌ಫೈರ್ ಮತ್ತೆ ಕಾಣುವವರೆಗೆ ಓಡಿಸಿ. ಪಿ0302 ಬಂದರೆ ಆ ಒಂದು ಕಾಯಿಲ್ ಕೆಟ್ಟಿದೆ, ಅದೊಂದನ್ನೇ ಹಾಕಿಸಿ. ಮತ್ತೆ ಪಿ0301 ಬಂದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ತೆಗೆದ ಹಳೆಯ ಭಾಗ ಮತ್ತು ಜಿಎಸ್‌ಟಿ ಬಿಲ್ ಎರಡನ್ನೂ ಕೇಳಿ ಪಡೆಯಿರಿ. ಸುಳ್ಳು ಹೇಳಿ ಮಾರಿದ್ದು ಆಮೇಲೆ ಗೊತ್ತಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.