ಕೆಲಸ ಹೋದವರಿಗೆ ಮೊದಲ ದಿನವೇ ‘ಪಾಸಿಟಿವ್’ ಪಾಠ ಬೇಡ

ಪ್ರಶ್ನೆ: ನಮ್ಮೂರ ಹತ್ತಿರದ ಗಾರ್ಮೆಂಟ್ಸ್ ಘಟಕವೊಂದು ಬಾಗಿಲು ಹಾಕಿತು. ಕೆಲಸ ಕಳೆದುಕೊಂಡ 32 ಹೆಣ್ಣುಮಕ್ಕಳಿಗೆ ಧೈರ್ಯ ತುಂಬಿ, ಹೊಸ ಕೆಲಸ ಕಲಿಸಲು ನಮ್ಮ ಮಹಿಳಾ ಸಂಘ ಶಿಬಿರ ಇಟ್ಟುಕೊಂಡಿದೆ. ಮೊದಲ ದಿನ ನಾನು ‘ಸಕಾರಾತ್ಮಕ ಚಿಂತನೆ’ ಬಗ್ಗೆ ಒಂದು ಗಂಟೆ ಮಾತಾಡಿದೆ. ಒಬ್ಬರು ಎದ್ದು, “ಮೇಡಂ, ಪಾಸಿಟಿವ್ ಆಗಿದ್ರೆ ಸಂಘದ ಕಂತು ತಾನಾಗೇ ಕಟ್ಟಿಹೋಗುತ್ತಾ?” ಅಂದರು. ಎಲ್ಲರೂ ನಕ್ಕರು. ಮಾರನೇ ದಿನ ಬಂದವರು 11 ಜನ. ನಾನು ಎಲ್ಲಿ ಎಡವಿದೆ? (ಮದ್ದೂರಿನ ಓದುಗರು)

ಉತ್ತರ: ಆ ಪ್ರಶ್ನೆ ಕೇಳಿದವರನ್ನು ಮಾತ್ರ ಬಿಡಬೇಡಿ, ಮನೆಗೇ ಹೋಗಿ ಕರೆದುಕೊಂಡು ಬನ್ನಿ. ನಿಮ್ಮ ಶಿಬಿರ ಎಲ್ಲಿಂದ ಶುರುವಾಗಬೇಕು ಅಂತ ಅವರು ಹೇಳಿಕೊಟ್ಟಿದ್ದಾರೆ.

ಇದು ನನಗೂ ಆಗಿದೆ. ವರ್ಷಗಳ ಹಿಂದೆ ಮುಚ್ಚಿದ ಕಾರ್ಖಾನೆಯೊಂದರ ಪಕ್ಕದ ಶೆಡ್ಡಿನಲ್ಲಿ ಅರ್ಧ ಲೋಟ ನೀರು ಹಿಡಿದು ‘ಅರ್ಧ ತುಂಬಿದೆಯೋ, ಅರ್ಧ ಖಾಲಿಯೋ’ ಅಂತ ಭಾಷಣ ಬಿಗಿಯುತ್ತಿದ್ದೆ. ಹಿಂದಿನ ಸಾಲಿನವರೊಬ್ಬರು ಎದ್ದು ಬಂದು, ಲೋಟ ತೆಗೆದುಕೊಂಡು, ನೀರು ಕುಡಿದು ಹೊರಟೇಬಿಟ್ಟರು. ಅಂದಿನಿಂದ ನಾನು ಲೋಟ ಮುಟ್ಟಿಲ್ಲ.

ಮೊದಲು ದುಡ್ಡಿನ ಮಾತಾಡಿ. ಎಲ್ಲರೂ ತಮ್ಮ ಕಾಗದಪತ್ರ ತರಲಿ. ಘಟಕ ಮುಚ್ಚಿದಾಗ, ಒಂದು ವರ್ಷಕ್ಕಿಂತ ಜಾಸ್ತಿ ದುಡಿದವರಿಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಬರಬೇಕು. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇನ್ನೊಂದು ಸಂಗತಿ ಇದೆ. ಕೆಲಸದಿಂದ ತೆಗೆದ ಪ್ರತಿಯೊಬ್ಬರ ಲೆಕ್ಕದಲ್ಲಿ ಮಾಲೀಕರು 15 ದಿನದ ಸಂಬಳದಷ್ಟನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಹೊಸದು ಕಲಿಯಲಿ ಅಂತಲೇ ಇಟ್ಟ ದುಡ್ಡು ಅದು. ಯಾರಿಂದಲಾದರೂ ‘ನಾನೇ ರಾಜೀನಾಮೆ ಕೊಡುತ್ತಿದ್ದೇನೆ’ ಅಂತ ಬರೆಸಿಕೊಂಡಿದ್ದಾರಾ ಅಂತ ಕೇಳಿ. ಪರಿಹಾರ ಕೈತಪ್ಪುವುದು ಆ ಒಂದು ಸಹಿಯಿಂದಲೇ. ಅಂಥ ಪತ್ರ ಇದ್ದರೆ ಅದನ್ನೂ ಹಿಡಿದುಕೊಂಡು ಕಾರ್ಮಿಕ ಅಧಿಕಾರಿಯ ಹತ್ತಿರ ಗುಂಪಾಗಿ ಹೋಗಿ.

ಇಎಸ್‌ಐ ಕಾರ್ಡು ಬರೀ ಆಸ್ಪತ್ರೆಗಲ್ಲ. ಎರಡು ವರ್ಷ ವಂತಿಗೆ ಕಟ್ಟಿದ್ದು, ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ಗರಿಷ್ಠ 24 ತಿಂಗಳು ನಿರುದ್ಯೋಗ ಭತ್ಯೆ ಸಿಗುತ್ತದೆ. ಇನ್ನು ಪಿಎಫ್. ಗಡಿಬಿಡಿಯಲ್ಲಿ ಪಿಂಚಣಿ ಭಾಗವನ್ನೂ ತೆಗೆಸಿಬಿಡಬೇಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ತೆಗೆಸಿದರೆ ಲೆಕ್ಕ ಮತ್ತೆ ಸೊನ್ನೆಯಿಂದ.

ಆಮೇಲೆ ಮನಸ್ಸು. ಇಲ್ಲಿಯೂ ‘ನಗುನಗುತ್ತಾ ಇರಿ’ ಬೇಡ, ಮೊದಲು ಸಿಟ್ಟು ಹೊರಗೆ ಬರಲಿ. ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಐದು ದಿನ, ದಿನಕ್ಕೆ 20 ನಿಮಿಷ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದರು. ಏನೂ ಬರೆಯದವರಿಗಿಂತ, ಬೇರೇನೋ ಬರೆದವರಿಗಿಂತ ಇವರಿಗೆ ಬೇಗ ಕೆಲಸ ಸಿಕ್ಕಿತು. ಹಾಗಂತ ಅವರೇನೂ ಜಾಸ್ತಿ ಕಡೆ ಅರ್ಜಿ ಹಾಕಿರಲಿಲ್ಲ. ಕಹಿ ಕಕ್ಕಿ ಬಂದವರು ಸಂದರ್ಶನದಲ್ಲಿ ಹಳೇ ಮಾಲೀಕರನ್ನು ಬೈಯುತ್ತಾ ಕೂರುವುದಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ನಿಮ್ಮಲ್ಲಿ ಬರೆಯಲು ಆಗದವರು ಇಬ್ಬಿಬ್ಬರಾಗಿ ಕೂತು ಹೇಳಿಕೊಳ್ಳಲಿ. ಮಧ್ಯೆ ಬಾಯಿ ಹಾಕಬೇಡಿ.

ಸೋಲಿಗೆ ತಯಾರಿಯನ್ನೂ ಮಾಡಿಸಿ. ಮಿಶಿಗನ್ ವಿಶ್ವವಿದ್ಯಾಲಯದವರು ಕೆಲಸ ಹೋದವರಿಗಾಗಿ ಐದು ಅರ್ಧ ದಿನಗಳ ತರಬೇತಿ ರೂಪಿಸಿದ್ದರು, ಮುಂದೆ ಅದು ಫಿನ್‌ಲೆಂಡಿಗೂ ಹೋಯಿತು. ಅದರಲ್ಲಿ ‘ಎಲ್ಲಾ ಒಳ್ಳೆಯದಾಗುತ್ತೆ’ ಅನ್ನುವುದಿಲ್ಲ. ‘ಬೇಡ ಅಂದರೆ ಏನು ಮಾಡ್ತೀರಿ?’ ಅಂತ ಮೊದಲೇ ಕೇಳಿ ಅಭ್ಯಾಸ ಮಾಡಿಸುತ್ತಾರೆ. ನೀವೂ ಮಾಡಿ. ಒಬ್ಬರು ಬಟ್ಟೆ ಅಂಗಡಿ ಮಾಲೀಕರಾಗಲಿ, ಇನ್ನೊಬ್ಬರು ಹೊಲಿಗೆ ಕೆಲಸ ಕೇಳಲಿ. ಮಾಲೀಕರು ಮೂರು ಸಲ ‘ಬೇಡಮ್ಮ, ಮುಂದಿನ ವಾರ ಬಾ’ ಅನ್ನಲಿ. ನಾಲ್ಕನೇ ಸಲ ಏನು ಹೇಳಬೇಕು ಅನ್ನೋದು ಇವರಿಗೇ ಹೊಳೆಯುತ್ತದೆ.

ಇನ್ನು ಕೈಕೆಲಸ. ಹೊರಗಿನವರಿಗೆ ಗೊತ್ತಿಲ್ಲದ ಮಾತೊಂದಿದೆ. ಹತ್ತು ವರ್ಷ ಲೈನ್‌ನಲ್ಲಿ ಕೂತು ಹೊಲಿದವರಿಗೂ ಒಂದು ಬ್ಲೌಸ್ ಪೂರ್ತಿ ಹೊಲಿಯಲು ಬರದೇ ಇರಬಹುದು. ಲೈನ್‌ನಲ್ಲಿ ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಒಬ್ಬರಿಗೆ ಸೈಡ್. ಕತ್ತರಿ ಹಿಡಿಯುವವರು ಬೇರೆಯೇ ವಿಭಾಗ. ‘ಟೈಲರ್ ಅಂತೆ, ಬ್ಲೌಸ್ ಬರಲ್ಲವಂತೆ’ ಅಂತ ಊರಲ್ಲಿ ಆಡಿಕೊಂಡರೆ ಅವಮಾನ ಅಲ್ವಾ? ಹಾಗಾಗಿ ಮೆಷಿನ್ ತುಳಿಯುವುದನ್ನು ಮತ್ತೆ ಕಲಿಸಬೇಡಿ. ಅಳತೆ ಮತ್ತು ಕಟಿಂಗ್ ಕಲಿಸಿ. ವೇಗ ಅವರ ಕೈಯಲ್ಲೇ ಇದೆ. ಹಳೇ ಸೀರೆಯಲ್ಲಿ ಮೊದಲು ಲಂಗ, ಆಮೇಲೆ ನೈಟಿ, ಬ್ಲೌಸ್ ಕೊನೆಗೆ. ಕಾಲರ್ ಬಲ್ಲವರು, ಕಫ್ ಬಲ್ಲವರು, ಸೈಡ್ ಬಲ್ಲವರು ಒಟ್ಟಾದರೆ ಶಾಲಾ ಯೂನಿಫಾರಂ ಆರ್ಡರ್ ಹಿಡಿಯಬಹುದು. ಆಗ ಅವರದೇ ಲೈನ್. ಸೀರೆಗೆ ಫಾಲ್ ಹಾಕುವುದು, ಕುಚ್ಚು ಕಟ್ಟುವುದು ಮೊದಲ ವಾರವೇ ಕೈಗೆ ಕಾಸು ತರುತ್ತದೆ.

ಒಂದು ಆಟವನ್ನೂ ಆಡಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗಳಲ್ಲಿ ಆರ್‌ಸೆಟಿಗಳಿವೆ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳು. ಊಟ, ವಸತಿ ಸಮೇತ ಉಚಿತ ತರಬೇತಿ. ವಯಸ್ಸಿನ ಮಿತಿ ಇದೆ, ಮೊದಲೇ ಕೇಳಿಕೊಳ್ಳಿ. ನಾನು ಹೇಳಿದ ಆಟ ಅಲ್ಲಿಯದೇ: ನೆಲದ ಮೇಲೆ ಗೂಟ ಇಟ್ಟು ರಿಂಗ್ ಎಸೆಸುತ್ತಾರೆ. ಎಷ್ಟು ದೂರ ನಿಲ್ಲಬೇಕು ಅನ್ನೋದು ಎಸೆಯುವವರ ಆಯ್ಕೆ. ಕೆಲವರು ಗೂಟದ ತಲೆಯ ಮೇಲೇ ನಿಂತು ಹಾಕುತ್ತಾರೆ. ಕೆಲವರು ಬಾಗಿಲಿನಿಂದ ಎಸೆದು, ತಪ್ಪಿದರೆ ನಕ್ಕು ಸುಮ್ಮನಾಗುತ್ತಾರೆ. ಮೂರನೇ ಸುತ್ತಿಗೆ ಬರುವಾಗ ಬಹಳ ಜನ ‘ಇಷ್ಟು ದೂರ ನನ್ನ ಕೈಲಾಗುತ್ತೆ’ ಅನ್ನುವ ಜಾಗಕ್ಕೆ ತಾವೇ ಬಂದು ನಿಲ್ಲುತ್ತಾರೆ. ಆಗ ಸ್ವಂತ ಕೆಲಸ ಶುರುಮಾಡುವ ಸಾಲದ ಅರ್ಜಿ ತೆಗೆಯಿರಿ, ಎಷ್ಟು ಸಾವಿರ ಬರೆಯಬೇಕು ಅಂತ ಕೇಳಿ.

ಪ್ರಶ್ನೆ: ವಯಸ್ಸು 46. ಪೀಣ್ಯದಲ್ಲಿ 20 ವರ್ಷ ಲೇತ್ ಮೇಲೆ ಕೆಲಸ ಮಾಡಿದೆ. ಈಗ ಕೆಲಸವಿಲ್ಲ. ಕಂಪ್ಯೂಟರ್ ಕಲಿ ಅಂತಾರೆ ಎಲ್ಲರೂ. ಈ ವಯಸ್ಸಿಗೆ ಆಗುತ್ತಾ? (ದಾಸರಹಳ್ಳಿಯ ಓದುಗರು)

ಉತ್ತರ: ‘ಕಂಪ್ಯೂಟರ್’ ಅಂದರೆ ಯಾವುದು ಅಂತ ಅವರನ್ನೇ ಕೇಳಿ, ಅರ್ಧ ಜನ ಸುಮ್ಮನಾಗುತ್ತಾರೆ. ನೀವು ಟೈಪಿಂಗ್ ಕಲಿತು 22ರ ಹುಡುಗರ ಜೊತೆ ಪೈಪೋಟಿಗೆ ಇಳಿಯಬೇಕಿಲ್ಲ. ನಿಮ್ಮ ಪಕ್ಕದ ಮೆಷಿನ್ ಕಲಿಯಿರಿ: ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಸೆಟ್ಟಿಂಗ್, ಸ್ವಲ್ಪ ಪ್ರೋಗ್ರಾಮಿಂಗ್. ಯಾವ ಲೋಹಕ್ಕೆ ಯಾವ ಟೂಲ್, ಎಷ್ಟು ಫೀಡ್, ಸದ್ದು ಬದಲಾದರೆ ಏನರ್ಥ ಅನ್ನೋದು ನಿಮ್ಮ ಕಿವಿಗೇ ಗೊತ್ತು. ಹೊಸ ಹುಡುಗರಿಗೆ ಅದು ಬರಲು ವರ್ಷಗಳು ಬೇಕು. ಡ್ರಾಯಿಂಗ್ ಓದಿ, ಮೈಕ್ರೋಮೀಟರ್ ಹಿಡಿದು ಅಳೆಯುವ ನಿಮಗೆ ಕ್ವಾಲಿಟಿ ವಿಭಾಗವೂ ದೂರವಲ್ಲ. ಅಲ್ಲಿ ಬೆನ್ನಿಗೂ ಕೊಂಚ ಆರಾಮ.

1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಅಲ್ಪಾವಧಿ ಕೋರ್ಸುಗಳಿವೆ. ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಹೋಗಿ ವಿಚಾರಿಸಿ. ಗೊತ್ತಿರುವ ಕೆಲಸಕ್ಕೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ವ್ಯವಸ್ಥೆಯೂ ಇದೆ. ‘ಕೆಲಸ ಗ್ಯಾರಂಟಿ, ಮೊದಲು ಡೆಪಾಸಿಟ್ ಕಟ್ಟಿ’ ಅಂದವರ ಕಡೆ ತಿರುಗಿಯೂ ನೋಡಬೇಡಿ.

ಪ್ರಶ್ನೆ: ನಮ್ಮ ಯಜಮಾನರ ಐಟಿ ಕೆಲಸ ಹೋಗಿ ಮೂರು ತಿಂಗಳಾಯಿತು. ಅತ್ತೆ ಮಾವನಿಗೆ ಹೇಳಿಲ್ಲ. ದಿನಾ ಬ್ಯಾಗ್ ಹಾಕಿಕೊಂಡು ಹೊರಗೆ ಹೋಗುತ್ತಾರೆ. ರಾತ್ರಿ ನಿದ್ದೆ ಇಲ್ಲ. (ಬೆಂಗಳೂರಿನ ಓದುಗರು)

ಉತ್ತರ: ಬ್ಯಾಗ್ ಹಾಕಿಕೊಂಡು ಹೊರಡುವುದನ್ನು ನಿಲ್ಲಿಸಬೇಡಿ, ಹೋಗುವ ಜಾಗ ಬದಲಾಯಿಸಿ. 1930ರ ಆಸುಪಾಸು ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿತು. ಅಲ್ಲಿಗೆ ಹೋದ ಸಂಶೋಧಕರು ಗಡಿಯಾರ ಹಿಡಿದು ಜನರ ನಡಿಗೆ ಅಳೆದರು. ಕೈತುಂಬ ಸಮಯವಿದ್ದರೂ ಜನ ಗ್ರಂಥಾಲಯದ ಪುಸ್ತಕ ಮುಟ್ಟುವುದನ್ನೂ ಕಡಿಮೆ ಮಾಡಿದ್ದರು. ಗಂಡಸರ ನಡಿಗೆ ನಿಧಾನವಾಗಿತ್ತು. ಮನೆಗೆಲಸವಿದ್ದ ಹೆಂಗಸರು ಅವರಿಗಿಂತ ಬೇಗ ನಡೆಯುತ್ತಿದ್ದರು. ಬೆಳಗ್ಗೆ ಇಂಥ ಹೊತ್ತಿಗೆ ಇಂಥ ಕಡೆ ಇರಬೇಕು ಅನ್ನೋದೇ ಒಂದು ಆಸರೆ. ಗ್ರಂಥಾಲಯವೋ, ತರಗತಿಯೋ, ಗೆಳೆಯರ ಅಂಗಡಿಯೋ ಆಗಲಿ.

ಅತ್ತೆ ಮಾವನಿಗೆ ಈ ಭಾನುವಾರವೇ ಹೇಳಿ, ಇಬ್ಬರೂ ಕೂತು. ಅವರು ಬೈದರೆ ಒಂದು ದಿನ ಬೈಯಬಹುದು. ಸುಳ್ಳು ಕಾಯುವುದು ದಿನಾ ಕೆಲಸ. ರಾತ್ರಿ ನಿದ್ದೆಯೇ ಇಲ್ಲ ಅಂದರೆ ಅದಕ್ಕೆ ಬೇರೆ ಸಹಾಯ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಒಪ್ಪದಿದ್ದರೆ ಮೊದಲ ಕರೆ ನೀವೇ ಮಾಡಿ.