ಏರ್ ರೈಫಲ್‌ಗೆ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕ್ಯಾಮಫ್ಲಾಜ್ ಮಾಡುವುದು ಹೇಗೆ?

ವಿಜಯಪುರದ ಹತ್ತಿರದ ನಿಮ್ಮ ಹೊಲದಲ್ಲಿ ಗುರಿ ಅಭ್ಯಾಸ ಮಾಡಲು .177 ಬೋರಿನ ಏರ್ ರೈಫಲ್ ಕೊಂಡಿರುವುದಾಗಿಯೂ, ಅದರ ಕಪ್ಪು ನಳಿಗೆ ಬಿಸಿಲಿಗೆ ಹೊಳೆದು ದೂರದಿಂದಲೇ ಕಣ್ಣಿಗೆ ಹೊಡೆಯುವುದಾಗಿಯೂ, ಅಂಗಡಿಯ ಕ್ಯಾಮಫ್ಲಾಜ್ ಹೊದಿಕೆಗಳು ದುಬಾರಿಯಾದ್ದರಿಂದ ಸ್ಪ್ರೇ ಪೇಂಟ್ ಹೊಡೆಯಬಹುದೇ ಎಂದೂ ಕೇಳಿದ್ದೀರಿ. ನಾನು ಪದಾತಿ ದಳದಲ್ಲಿ ಹದಿನೇಳು ವರ್ಷ ಸೇವೆ ಮಾಡಿ ಈಗ ಬೆಳಗಾವಿಯಲ್ಲಿ ನೆಲೆಸಿದ್ದೇನೆ. ನನ್ನನ್ನು ಕೇಳಿದರೆ ಪೇಂಟ್ ಬೇಡ. ಹಳೆಯ ಗೋಣಿಚೀಲ ಒಂದಿದ್ದರೆ ನಿಮ್ಮ ಕೆಲಸ ಆಗುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ತಗಡಿನ ಡಬ್ಬಿಗೋ ಕಾಗದದ ಗುರಿಗೋ ಹೊಡೆಯುವುದಕ್ಕೆ ಬಂದೂಕನ್ನು ಮರೆಮಾಚುವ ಅಗತ್ಯವೇನೂ ಇಲ್ಲ, ಡಬ್ಬಿಗೆ ಕಣ್ಣಿಲ್ಲ. ಇದು ಹವ್ಯಾಸಕ್ಕಾಗಿ, ಕೈಕೆಲಸದ ಖುಷಿಗಾಗಿ ಎಂದಾದರೆ ಸಂತೋಷದಿಂದ ಹೇಳಿಕೊಡುತ್ತೇನೆ. ಮೊಲಕ್ಕೋ, ನವಿಲಿಗೋ, ಚಿಗರಿಗೋ ಹೊಂಚು ಹಾಕುವ ಯೋಚನೆ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಲ್ಲಿಗೆ ನಮ್ಮ ಮಾತು ಮುಗಿಯಿತು. ನಾನು ನಿವೃತ್ತನಾದ ಮೇಲೆ ಈ ವಿದ್ಯೆಯನ್ನು ಬಳಸಿದ್ದು ಬಂದೂಕಿಗಿಂತ ಹೆಚ್ಚಾಗಿ ನನ್ನ ಅಣ್ಣನ ಮಗನ ಕ್ಯಾಮೆರಾ ಲೆನ್ಸಿಗೆ. ಅವನು ಆಲಮಟ್ಟಿ ಹಿನ್ನೀರಿನಲ್ಲಿ ರಾಜಹಂಸಗಳ ಚಿತ್ರ ತೆಗೆಯಲು ಹೋಗುತ್ತಾನೆ, ಮೊಳದುದ್ದದ ಆ ಲೆನ್ಸಿಗೂ ನಿಮ್ಮ ರೈಫಲ್ಲಿಗೂ ಕಟ್ಟುವ ಕ್ರಮ ಒಂದೇ.

ಸೈನ್ಯದಲ್ಲಿ ಹೊಸಬರಿಗೂ, ಕಾಲೇಜಿನಲ್ಲಿ ಎನ್‌ಸಿಸಿ ಹುಡುಗರಿಗೂ ವಸ್ತುಗಳು ಏಕೆ ಕಾಣುತ್ತವೆ ಎಂಬ ಪಾಠವೊಂದನ್ನು ಹೇಳಿಕೊಡುತ್ತಾರೆ. ಆಕಾರ, ನೆರಳು, ಹೊಳಪು, ಮೇಲ್ಮೈ, ಹಿನ್ನೆಲೆಯ ಎದುರು ಮೂಡುವ ರೂಪರೇಖೆ, ಸಮಾನ ಅಂತರ, ಚಲನೆ ಎಂದು ಅದರಲ್ಲಿ ಎಣಿಸುತ್ತಾರೆ. ಈ ಪಟ್ಟಿಯಲ್ಲಿ ಬಣ್ಣಕ್ಕೆ ಪ್ರತ್ಯೇಕ ಸ್ಥಾನವಿಲ್ಲ, ಮೇಲ್ಮೈ ಎಂಬುದರ ಒಳಗೇ ಅದು ಅಡಗಿದೆ ಎಂಬುದನ್ನು ಗಮನಿಸಿ. ಪೇಟೆಯಲ್ಲಿ ಹಸಿರು-ಕಂದು ಮಚ್ಚೆಯ ಹೊದಿಕೆ ಕೊಳ್ಳುವವರೆಲ್ಲ ಬಣ್ಣವನ್ನೇ ಕೊಳ್ಳುತ್ತಾರೆ. ಬಂದೂಕು ಎದ್ದು ಕಾಣುವುದಕ್ಕೆ ಮುಖ್ಯ ಕಾರಣಗಳು ಎರಡೇ: ಅದರ ನಳಿಗೆ ಹೊಲದಲ್ಲಿ ಎಲ್ಲೂ ಇರದಷ್ಟು ನೇರವಾಗಿರುತ್ತದೆ, ಮತ್ತು ಅದು ಹೊಳೆಯುತ್ತದೆ. ಜೋಳದ ದಂಟು ಕೂಡ ಗೆಣ್ಣಿಗೆ ಗೆಣ್ಣಿಗೆ ಸ್ವಲ್ಪ ವಾಲಿರುತ್ತದೆ. ಎರಡು ಅಡಿ ಉದ್ದಕ್ಕೂ ಗೆರೆ ಎಳೆದಂತೆ ನೆಟ್ಟಗಿರುವ ವಸ್ತುವನ್ನು ಕಣ್ಣು ತಾನಾಗಿಯೇ ಹುಡುಕಿಕೊಳ್ಳುತ್ತದೆ. ಇನ್ನು ಕಪ್ಪು ಬಣ್ಣವೂ ಹಾಗೆಯೇ. ನಮ್ಮ ಎರೆ ಭೂಮಿಯನ್ನು ಕಪ್ಪು ಮಣ್ಣು ಎನ್ನುತ್ತೇವೆ, ಆದರೆ ಅದು ಕಪ್ಪಾಗಿ ಕಾಣುವುದು ಮಳೆಯಲ್ಲಿ ನೆಂದಾಗ ಮಾತ್ರ. ಒಣಗಿ ಬಿರುಕು ಬಿಟ್ಟ ಎರೆಯ ಮೇಲೆ ನಿಮ್ಮ ರೈಫಲ್ ಇಟ್ಟು ನೋಡಿ, ಮಣ್ಣು ಬೂದಿಯ ಹಾಗೆ ಕಾಣುತ್ತದೆ, ರೈಫಲ್ ಒಂದೇ ಇದ್ದಿಲಿನ ಹಾಗೆ ಎದ್ದು ಕಾಣುತ್ತದೆ.

ಪೇಂಟ್ ಬೇಡ ಎನ್ನುವುದಕ್ಕೆ ನಿಮ್ಮ ಊರಿನ ನೆಲವೇ ಕಾರಣ. ಡೋಣಿ ನದಿ ಸಾಲಿನ ಎರೆ ಭೂಮಿ ಆಗಸ್ಟ್‌ನಲ್ಲಿ ತೊಗರಿ, ಹೆಸರಿನ ಹಸಿರು, ಹಿಂಗಾರಿ ಜೋಳ ಮಾಗುವ ಹೊತ್ತಿಗೆ ಒಣ ಎಲೆಯ ಹಳದಿ, ಏಪ್ರಿಲ್‌ನಲ್ಲಿ ಬರೀ ಬೂದು. ಒಂದು ಬಣ್ಣ ಬಳಿದರೆ ಮೂರರಲ್ಲಿ ಒಂದು ಕಾಲಕ್ಕೆ ಸರಿಹೊಂದುತ್ತದೆ, ಉಳಿದ ಎರಡು ಕಾಲಕ್ಕೆ ಅದು ಅಲಂಕಾರ ಮಾತ್ರ. ಬಟ್ಟೆಯಾದರೆ ಬಿಚ್ಚಿ ಬೇರೆಯದನ್ನು ಕಟ್ಟಬಹುದು. ಪೇಂಟ್ ಬಳಿದ ರೈಫಲ್ಲನ್ನು ಮುಂದೆ ಮಾರಲು ಹೋದರೆ ಬೆಲೆಯೂ ಬರುವುದಿಲ್ಲ.

ಈಗ ಗೋಣಿಯ ಕೆಲಸ. ಹೊಸ ಗೋಣಿಚೀಲ ಬೇಡ, ಸೆಣಬಿನ ನಾರಿಗೆ ಕಾರ್ಖಾನೆಯಲ್ಲಿ ಎಣ್ಣೆ ಹಾಕಿರುತ್ತಾರೆ, ಆ ಎಣ್ಣೆಯ ಮಿನುಗು ಇನ್ನೂ ಉಳಿದಿರುತ್ತದೆ. ಎರಡು ಸುಗ್ಗಿ ಕಂಡ ಹಳೆಯ ಚೀಲವನ್ನು ಬಿಸಿನೀರಿನಲ್ಲಿ ವಾಷಿಂಗ್ ಸೋಡಾ ಹಾಕಿ ಒಂದು ತಾಸು ನೆನೆಸಿ, ಕಲ್ಲಿನ ಮೇಲೆ ಒಗೆದು, ಬಿಸಿಲಲ್ಲಿ ಒಣಗಿಸಿ. ಅನಂತರ ಮೂರರಿಂದ ನಾಲ್ಕು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯ ಎರಡೂ ಅಂಚುಗಳಿಂದ ಉದ್ದದ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯಿರಿ. ಆಗ ಅಡ್ಡ ಎಳೆಗಳು ಅಂಚಿನಲ್ಲಿ ಗೊಂಡೆಯಂತೆ ಇಳಿಬೀಳುತ್ತವೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಹಂತ ಇದೊಂದೇ, ಮತ್ತು ಇದನ್ನು ಬಿಟ್ಟರೆ ಉಳಿದದ್ದು ವ್ಯರ್ಥ, ಏಕೆಂದರೆ ನಳಿಗೆಯ ನೇರ ಗೆರೆಯನ್ನು ಮುರಿಯುವುದು ಪಟ್ಟಿಯಲ್ಲ, ಪಟ್ಟಿಯ ಆ ಹರಕು ಅಂಚು. ನೆಟ್ಟಗೆ ಕತ್ತರಿಸಿದ ಅಂಚಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಕಪ್ಪು ಕೊಳವೆಯ ಬದಲು ಕಂದು ಕೊಳವೆ ಸಿಗುತ್ತದೆ, ಅಷ್ಟೇ.

ಬಣ್ಣಕ್ಕೆ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಖಾಕಿ ಹುಟ್ಟಿದ್ದೇ ಹೀಗೆ: 1840ರ ದಶಕದ ಕೊನೆಯಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ದಳದವರು ಬಿಳಿ ಹತ್ತಿ ಬಟ್ಟೆಯನ್ನು ಅಲ್ಲಿನ ಮಣ್ಣಿನ ಬಣ್ಣಕ್ಕೆ ತಿರುಗಿಸಿ ಉಟ್ಟರು, ಖಾಕ್ ಎಂದರೆ ಧೂಳು. ನಿಮಗೆ ಅದಕ್ಕಿಂತ ಒಳ್ಳೆಯ ಅನುಕೂಲವಿದೆ. ವಿಜಯಪುರ, ಬಾಗಲಕೋಟೆ ಕಡೆ ದಾಳಿಂಬೆಗೆ ಕೊರತೆ ಇಲ್ಲ, ಅದರ ಸಿಪ್ಪೆಯಲ್ಲಿ ಒಗರು ತುಂಬಿದೆ. ಎರಡು ಹಿಡಿ ಒಣ ಸಿಪ್ಪೆಯನ್ನು ಅರ್ಧ ಕೊಡ ನೀರಿನಲ್ಲಿ ಕುದಿಸಿ, ಸ್ವಲ್ಪ ಪಟಕ ಹಾಕಿ ಪಟ್ಟಿಗಳನ್ನು ಅದ್ದಿಟ್ಟರೆ ಮಾಗಿದ ಜೋಳದ ಎಲೆಯ ಹಳದಿ ಬರುತ್ತದೆ. ಅದೇ ನೀರಿಗೆ ನಾಲ್ಕಾರು ತುಕ್ಕು ಹಿಡಿದ ಮೊಳೆ ಹಾಕಿ ರಾತ್ರಿಯಿಡೀ ಬಿಟ್ಟರೆ, ಒಗರಿಗೆ ಕಬ್ಬಿಣ ಸೇರಿ ನೀರು ಕಪ್ಪಾಗುತ್ತದೆ. ಅದರಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಹಸಿರು ಛಾಯೆಯ ಬೂದು, ಬಹಳ ಹೊತ್ತು ಬಿಟ್ಟರೆ ಒಣ ಎರೆಯ ಬಣ್ಣ. ಚಹಾಪುಡಿಯ ಗಟ್ಟಿ ಡಿಕಾಕ್ಷನ್‌ನಿಂದ ಕಂದು ಬರುತ್ತದೆ. ಪಾತ್ರೆ ಮಾತ್ರ ಅಡುಗೆಯದ್ದಾಗಿರಬಾರದು, ಈ ಪಾಠವನ್ನು ನಾನು ಮನೆಯವರಿಂದ ಕಲಿತಿದ್ದೇನೆ.

ಎಲ್ಲ ಪಟ್ಟಿಗಳನ್ನೂ ಬಣ್ಣಕ್ಕೆ ಹಾಕಬೇಡಿ. ಅರ್ಧದಷ್ಟು ಗೋಣಿಯ ಮೂಲ ಬಣ್ಣದಲ್ಲೇ ಇರಲಿ. ಗಾಢ ಪಟ್ಟಿಗಳನ್ನು ಮೇಲ್ಭಾಗಕ್ಕೆ, ತಿಳಿ ಪಟ್ಟಿಗಳನ್ನು ಕೆಳಭಾಗಕ್ಕೆ ಬರುವಂತೆ ಕಟ್ಟಿ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮದ ಕಡೆ ಹೋದರೆ ಚಿಂಕಾರದ ಬೆನ್ನು ಕಂದು, ಹೊಟ್ಟೆ ಬಿಳಿ ಇರುವುದನ್ನು ನೋಡಬಹುದು. ಬಿಸಿಲು ಮೇಲಿನಿಂದ ಬಿದ್ದು ಬೆನ್ನನ್ನು ಬೆಳಗುತ್ತದೆ, ಹೊಟ್ಟೆ ನೆರಳಿಗೆ ಬೀಳುತ್ತದೆ. ಬೆನ್ನು ಗಾಢವೂ ಹೊಟ್ಟೆ ತಿಳಿಯೂ ಆಗಿದ್ದರೆ ಎರಡೂ ಒಂದೇ ಮಟ್ಟಕ್ಕೆ ಬಂದು ಮೈಯ ಉಬ್ಬು ಕಾಣದೆ ಹೋಗುತ್ತದೆ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ 1890ರ ದಶಕದಲ್ಲಿ ಇದನ್ನು ವಿವರಿಸಿ ಬರೆದರು. ದುಂಡಗಿನ ನಳಿಗೆಗೂ ಇದೇ ಲೆಕ್ಕ.

ಕಟ್ಟುವುದಕ್ಕೆ ಅಂಟುಪಟ್ಟಿ ಬಳಸಬೇಡಿ. ನಿಮ್ಮೂರಿನ ಮೇ ತಿಂಗಳ ಬಿಸಿಲಿಗೆ ಅದರ ಗೋಂದು ಕರಗಿ ಕಬ್ಬಿಣಕ್ಕೆ ಹತ್ತಿಕೊಂಡರೆ ಅದನ್ನು ಕೆರೆಯುವಾಗ ಮೇಲಿನ ಲೇಪವೂ ಹೋಗುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಸಣ್ಣ ಸಣ್ಣದಾಗಿ ಕತ್ತರಿಸಿದರೆ ಒಂದೇ ಟ್ಯೂಬಿನಲ್ಲಿ ನೂರಾರು ರಬ್ಬರ್ ಬಳೆಗಳಾಗುತ್ತವೆ, ಅವು ಜಾರುವುದಿಲ್ಲ, ಹೊಳೆಯುವುದೂ ಇಲ್ಲ. ಪಟ್ಟಿಯನ್ನು ಓರೆಯಾಗಿ, ಒಂದು ಕಡೆ ದಟ್ಟ ಒಂದು ಕಡೆ ತೆಳು ಬರುವಂತೆ, ಎರಡು ಸುತ್ತಿನ ನಡುವೆ ಅಲ್ಲಲ್ಲಿ ಬಿಡುವು ಕೊಟ್ಟು ಸುತ್ತಿ. ಸಮ ಅಂತರದಲ್ಲಿ ಸುತ್ತಿದರೆ ಪಟ್ಟೆಪಟ್ಟೆಯ ಕಂಬದಂತೆ ಕಂಡು ಇನ್ನಷ್ಟು ಎದ್ದು ತೋರುತ್ತದೆ. ಮಚ್ಚೆಗಳು ಸಣ್ಣವಾಗಿಯೂ ಇರಬಾರದು: ಹತ್ತಿರದಿಂದ ಚೆಂದ ಕಾಣುವ ಸಣ್ಣ ಮಚ್ಚೆಗಳು ಮೂವತ್ತು ಹೆಜ್ಜೆ ಹಿಂದೆ ಸರಿದರೆ ಕಲಸಿಹೋಗಿ ಒಂದೇ ಬಣ್ಣವಾಗುತ್ತವೆ, ಬಂದೂಕಿನ ಆಕಾರ ಪೂರ್ತಿಯಾಗಿ ಮರಳಿ ಬರುತ್ತದೆ.

ಯಾವುದನ್ನು ಮುಚ್ಚಬಾರದು ಎಂಬುದು ಇದಕ್ಕಿಂತ ಮುಖ್ಯ. ನಿಮ್ಮದು ನಳಿಗೆಯನ್ನು ಮಡಚಿ ಪೆಲೆಟ್ ತುಂಬುವ ಬಗೆಯದಾದರೆ ಮಡಚುವ ಕೀಲಿನ ಎರಡೂ ಬದಿ ನಾಲ್ಕು ಬೆರಳಷ್ಟು ಜಾಗ ಬರಿದಾಗಿರಲಿ, ಕೆಳಗಿನ ಸನ್ನೆ ಓಡಾಡುವ ಸೀಳಿಗೆ ಎಳೆಯೊಂದೂ ಸಿಕ್ಕಬಾರದು. ನಳಿಗೆಯ ಬಾಯಿ, ಟ್ರಿಗರ್, ಅದರ ಸುತ್ತಲಿನ ಬಳೆ, ಸೇಫ್ಟಿ, ಮುಂದಿನ ಗುರಿಮೊನೆ ಇವು ತೆರೆದೇ ಇರಬೇಕು. ರೈಫಲ್ ಮೇಲೆ ಕೊರೆದ ನಂಬರ್ ಕಾಣುವಂತಿರಲಿ. ಬಂದೂಕಿನ ಗುರುತಿನ ನಂಬರನ್ನು ಅಳಿಸುವುದು, ತಿದ್ದುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ, ಪೇಂಟಿನಿಂದ ಮುಚ್ಚಿ ಆಮೇಲೆ ವಿವರಣೆ ಕೊಡುತ್ತ ನಿಲ್ಲುವುದು ಯಾರಿಗೆ ಬೇಕು? ನಿಮಗೆ ಅಥವಾ ಓದುವ ಬೇರೆಯವರಿಗೆ ಲೈಸೆನ್ಸಿನ ಬಂದೂಕು ಇದ್ದರೆ ಅದರ ತಂಟೆಗೆ ಹೋಗಲೇಬೇಡಿ. ಹೊಲದಿಂದ ಮನೆಗೆ ಒಯ್ಯುವಾಗ ಚೀಲದೊಳಗೆ ಹಾಕಿಯೇ ಒಯ್ಯಿರಿ, ಗೋಣಿ ಸುತ್ತಿದ ಬಂದೂಕು ಹಿಡಿದು ಬಸ್‌ ಸ್ಟ್ಯಾಂಡಿನ ಮುಂದೆ ಹಾಯ್ದರೆ ಜನ ನಿಮ್ಮ ಹವ್ಯಾಸವನ್ನು ಕೇಳುತ್ತ ಕೂರುವುದಿಲ್ಲ. ಸೈನ್ಯದ ಸಮವಸ್ತ್ರದ ಬಟ್ಟೆಯನ್ನು ಹರಿದು ಸುತ್ತುವ ಉಪಾಯವನ್ನೂ ಕೆಲವರು ಕೊಡುತ್ತಾರೆ. 2022ರಲ್ಲಿ ಬಂದ ಹೊಸ ವಿನ್ಯಾಸದ ಹಕ್ಕನ್ನು ಸೈನ್ಯವೇ ನೋಂದಾಯಿಸಿಕೊಂಡಿದೆ. ನನಗಂತೂ ಆ ಉಪಾಯ ಹಿಡಿಸುವುದಿಲ್ಲ.

ಸ್ಕೋಪ್ ಹಾಕಿದ್ದರೆ ಅದರ ಮುಂದಿನ ಗಾಜು ನಳಿಗೆಗಿಂತ ಹೆಚ್ಚು ಮಿಂಚುತ್ತದೆ. ಗಾಜಿಗೆ ಏನನ್ನೂ ಹಚ್ಚಬೇಡಿ. ದಪ್ಪ ರಟ್ಟನ್ನು ಸುರುಳಿ ಮಾಡಿ, ಮೇಲೆ ಟ್ಯೂಬ್ ರಬ್ಬರ್ ಏರಿಸಿ, ಗಾಜಿನ ಮುಂದೆ ಒಂದು ಗೇಣು ಚಾಚುವಂತೆ ಕೂರಿಸಿದರೆ ಬಿಸಿಲು ಓರೆಯಾಗಿ ಬೀಳುವುದು ನಿಲ್ಲುತ್ತದೆ. ಲೆನ್ಸಿಗೂ ನಾನು ಮಾಡಿಕೊಟ್ಟದ್ದು ಇದನ್ನೇ.

ಬಟ್ಟೆಗೆ ಒಂದು ದೋಷವಿದೆ, ಅದನ್ನು ಮುಚ್ಚಿಡುವುದಿಲ್ಲ. ಖಾನಾಪುರದ ಕಾಡಿನ ಕಡೆ ಮಳೆಗಾಲದ ಅಭ್ಯಾಸವೊಂದರಲ್ಲಿ ನಾನು ನಾಲ್ಕು ದಿನ ಗೋಣಿ ಪಟ್ಟಿಯನ್ನು ಬಿಚ್ಚದೆ ಬಿಟ್ಟಿದ್ದೆ. ಪ್ರತಿ ಸಂಜೆ ಫುಲ್‌ತ್ರೂಗೆ, ಅಂದರೆ ನಳಿಗೆಯೊಳಗೆ ಎಳೆದು ಒರೆಸುವ ಹಗ್ಗಕ್ಕೆ, ಚಿಂದಿ ಕಟ್ಟಿ ನಳಿಗೆಯ ಒಳಗನ್ನು ಶ್ರದ್ಧೆಯಿಂದ ಒರೆಸಿದ್ದೆ, ಹೊರಗನ್ನು ಮರೆತಿದ್ದೆ. ಐದನೆಯ ದಿನ ಕೋತ್‌ನಲ್ಲಿ (ಸೈನ್ಯದ ಆಯುಧ ಕೋಣೆಯಲ್ಲಿ) ಬಂದೂಕು ಒಪ್ಪಿಸುವಾಗ ಪಟ್ಟಿ ಬಿಚ್ಚಿದರೆ, ಗೋಣಿಯ ನೇಯ್ಗೆ ಎಳೆಎಳೆಯಾಗಿ ಇಳಕಲ್ ಸೀರೆಯ ಅಂಚಿನಂತೆ ಕಬ್ಬಿಣದ ಮೇಲೆ ಕೆಂಪಗೆ ಮೂಡಿತ್ತು. ಅಂದು ಕೇಳಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದ್ದರಿಂದ ಕಟ್ಟುವ ಮೊದಲು ನಳಿಗೆಗೆ ತೆಳುವಾಗಿ ಎಣ್ಣೆ ಒರೆಸಿ, ಮಂಜು ಬಿದ್ದ ಬೆಳಗಿನ ಅಥವಾ ಮಳೆಯ ನಂತರ ಅಂದೇ ಬಿಚ್ಚಿ ಒಣಗಿಸಿ, ಮನೆಯಲ್ಲಿ ಇಡುವಾಗಲಂತೂ ಬರಿಮೈಯಲ್ಲೇ ಇಡಿ.

ಇಷ್ಟೆಲ್ಲ ಆದ ಮೇಲೂ ಪೇಂಟೇ ಬೇಕೆನಿಸಿದರೆ ಕಬ್ಬಿಣವನ್ನೂ ಮರವನ್ನೂ ಬಿಟ್ಟು, ಹಿಡಿ ಪ್ಲಾಸ್ಟಿಕ್ಕಿನದಾದರೆ ಅದಕ್ಕೆ ಮಾತ್ರ ಹೊಡೆಯಿರಿ. ಹೊಳಪಿಲ್ಲದ ಮ್ಯಾಟ್ ಡಬ್ಬಿಯೇ ಆಗಬೇಕು. ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು, ತಿಳಿ ಬಣ್ಣವನ್ನು ಮೊದಲು ಒಂದಡಿ ದೂರದಿಂದ ತೆಳುವಾಗಿ ಹೊಡೆದು, ಒಣಗಿದ ಮೇಲೆ ಉಳ್ಳಾಗಡ್ಡಿಯ ಜಾಳಿಗೆ ಚೀಲವನ್ನೋ ಬೇವಿನ ಎಸಳನ್ನೋ ಮೇಲಿಟ್ಟು ಗಾಢ ಬಣ್ಣವನ್ನು ಅಲ್ಲಲ್ಲಿ ಹಾಯಿಸಿದರೆ ಸಾಕು.

ಕೆಲಸ ಸರಿಯಾಯಿತೇ ಎಂದು ನೋಡಲು ರೈಫಲ್ಲನ್ನು ಬದುವಿನ ಮೇಲೆ ಹುಲ್ಲಿನ ನಡುವೆ ಇಟ್ಟು ಮೂವತ್ತು ಹೆಜ್ಜೆ ಹಿಂದೆ ಹೋಗಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ಬಣ್ಣವಿಲ್ಲದ ಚಿತ್ರದಲ್ಲಿಯೂ ಅದು ಕಾಣದಿದ್ದರೆ ಗಾಢ-ತಿಳಿಯ ಹದ ಕೂಡಿಬಂದಿದೆ ಎಂದರ್ಥ. ಕಂಡರೆ ಸಾಮಾನ್ಯವಾಗಿ ಪಟ್ಟಿ ಅತಿ ಗಾಢವಾಗಿರುತ್ತದೆ. ಇನ್ನೊಂದು ಪರೀಕ್ಷೆ ಗುರಿಯದ್ದು. ಸುತ್ತುವ ಮೊದಲು ಹತ್ತು ಮೀಟರಿನಿಂದ ಐದು ಪೆಲೆಟ್, ಸುತ್ತಿದ ಮೇಲೆ ಅದೇ ಕಾಗದಕ್ಕೆ ಐದು ಪೆಲೆಟ್ ಹೊಡೆದು ನೋಡಿ. ನಳಿಗೆಗೆ ಒಂದೇ ಬದಿಯಿಂದ ಬಿಗಿತ ಬಿದ್ದಿದ್ದರೆ ಎರಡನೆಯ ಗುಂಪು ಪಕ್ಕಕ್ಕೆ ಸರಿದಿರುತ್ತದೆ, ಆಗ ಆ ಜಾಗದ ರಬ್ಬರ್ ಬಳೆಯನ್ನು ಸಡಿಲಿಸಿ.

ಮಳೆಗಾಲಕ್ಕೊಂದು, ಹಿಂಗಾರಿಗೊಂದು ಎಂದು ಪಟ್ಟಿಗಳ ಎರಡು ಜೊತೆ ಮಾಡಿಟ್ಟುಕೊಳ್ಳಿ, ನನಗೆ ಎರಡೂ ಸೇರಿ ಇನ್ನೂರು ರೂಪಾಯಿಯ ಒಳಗೆ ಮುಗಿದಿತ್ತು. ಬಳಸದ ಜೊತೆಯನ್ನು ಡಬ್ಬಿಯಲ್ಲಿ ಒಣ ಬೇವಿನ ಎಲೆಯ ಜೊತೆ ಹಾಕಿ ಗಟ್ಟಿಯಾಗಿ ಮುಚ್ಚಿಡಿ, ಬರೀ ಅಟ್ಟದ ಮೇಲೆ ಎಸೆದರೆ ಮುಂದಿನ ಸುಗ್ಗಿಯ ಹೊತ್ತಿಗೆ ಇಲಿಗಳು ಅದನ್ನು ಗೂಡಿಗೆ ಒಯ್ದಿರುತ್ತವೆ.