ರಕ್ತಲೇಪದಲ್ಲಿ ಏನೂ ಕಾಣದ ಹಸುವಿಗೆ ಪಿಸಿಆರ್ ಪರೀಕ್ಷೆ ಮಾಡಿಸಬೇಕೆ?

ಐದು ವರ್ಷದ ಮಿಶ್ರತಳಿ ಹಸುವಿಗೆ ಜ್ವರ ಬಂದು ಇಳಿದಿದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದೆ, ಮೈಮೇಲೆ ಉಣ್ಣೆಗಳಿದ್ದವು, ಆದರೆ ರಕ್ತಲೇಪದ (ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯ) ವರದಿಯಲ್ಲಿ ಏನೂ ಸಿಕ್ಕಿಲ್ಲ, ಹೀಗಿರುವಾಗ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್‌ಗೆ ಖರ್ಚು ಮಾಡಬೇಕೆ ಎಂದು ಕೇಳಿದ್ದೀರಿ. ಪಶುರೋಗ ಪ್ರಯೋಗಾಲಯದಲ್ಲಿ ಈ ಎರಡೂ ಪರೀಕ್ಷೆಗಳನ್ನು ಮಾಡುವ ನನ್ನ ಅಭಿಪ್ರಾಯದಲ್ಲಿ, ನಿಮ್ಮ ಹಸುವಿಗೆ ಮಾಡಿಸುವುದೇ ಸರಿ.

ಮೂತ್ರ ಕೆಂಪಾಗಿಲ್ಲ ಎಂದೂ ಬರೆದಿದ್ದೀರಿ. ಉಣ್ಣೆಗಳಿಂದ ಹರಡುವ ಬಬೇಸಿಯಾ ರೋಗದಲ್ಲಿ ರಕ್ತಕಣಗಳು ರಕ್ತನಾಳದೊಳಗೇ ಒಡೆಯುವುದರಿಂದ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಉಣ್ಣೆಗಳಿಂದಲೇ ಹರಡುವ ಅನಾಪ್ಲಾಸ್ಮಾ ಬ್ಯಾಕ್ಟೀರಿಯಾ ಹೊಕ್ಕ ಕಣಗಳನ್ನು ಗುಲ್ಮ ಮೊದಲಾದ ಅಂಗಗಳು ಹೆಕ್ಕಿ ನಾಶಮಾಡುವುದರಿಂದ ರಕ್ತಹೀನತೆ, ಕಾಮಾಲೆ ಬರುತ್ತವೆಯೇ ಹೊರತು ಮೂತ್ರ ಕೆಂಪಾಗುವುದಿಲ್ಲ. ಹೀಗಾಗಿ ನನ್ನ ಮೊದಲ ಅನುಮಾನ ಅನಾಪ್ಲಾಸ್ಮಾ ಮಾರ್ಜಿನೇಲ್ ಮೇಲೆ. 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರ್ನಾಲ್ಡ್ ಥೈಲರ್ ವಿವರಿಸಿದ ಈ ಜೀವಿ, ಗೀಮ್ಸಾ ಬಣ್ಣ ಹಾಕಿದ ಲೇಪದಲ್ಲಿ ಕೆಂಪು ಕಣದ ಅಂಚಿಗೆ ಒತ್ತಿಕೊಂಡ ಕಡುನೇರಳೆ ಚುಕ್ಕೆಯಾಗಿ ಕಾಣುತ್ತದೆ. ಬಣ್ಣದ ಗಸಿಯ ಕಣವೂ ಹಾಗೆಯೇ ಕಾಣುವುದುಂಟು. ಎಷ್ಟೋ ಬಾರಿ ಸ್ಲೈಡನ್ನು ಫೋಕಸ್ ಹಿಂದೆಮುಂದೆ ಮಾಡಿ, ಚುಕ್ಕೆ ಕಣದ ಒಳಗಿದೆಯೋ ಮೇಲಿದೆಯೋ ಎಂದು ನೋಡುತ್ತಾ ಕೂತಿದ್ದೇನೆ. ಜ್ವರದ ಏರುಕಾಲ ಕಳೆದ ಮೇಲೆ ರೋಗಾಣುಗಳು ಎಷ್ಟು ವಿರಳವಾಗುತ್ತವೆಂದರೆ, ಸಾವಿರಾರು ಕಣಗಳನ್ನು ಎಣಿಸಿದರೂ ಒಂದೂ ಸಿಗದಿರಬಹುದು.

ಪಿಸಿಆರ್ ಹುಡುಕುವುದು ರೋಗಾಣುವಿನ ಡಿಎನ್‌ಎಯನ್ನು. ಅನಾಪ್ಲಾಸ್ಮಾಕ್ಕೆ ಸಾಮಾನ್ಯವಾಗಿ ಎಂಎಸ್‌ಪಿ5 ಎಂಬ ಹೊರಪೊರೆ ಪ್ರೋಟೀನಿನ ಜೀನನ್ನೋ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನನ್ನೋ ಗುರಿಯಾಗಿಸುತ್ತೇವೆ. 16ಎಸ್ ಜೀನು ಹತ್ತಿರದ ಪ್ರಭೇದಗಳಲ್ಲಿ ಬಹುಪಾಲು ಒಂದೇ ಆಗಿರುವ ಕಾರಣ, ಅದರಲ್ಲಿ ಪಾಸಿಟಿವ್ ಬಂದಾಗ ಪ್ರಭೇದ ಯಾವುದೆಂದು ಖಚಿತಪಡಿಸಲು ಆ ಡಿಎನ್‌ಎಯ ಅಕ್ಷರಗಳ ಅನುಕ್ರಮ ಓದಿಸಬೇಕಾಗುತ್ತದೆ.

ಆದರೆ ಒಂದು ಎಚ್ಚರ. ಒಮ್ಮೆ ಈ ರೋಗದಿಂದ ಚೇತರಿಸಿಕೊಂಡ ದನ ಬಹುಕಾಲ, ಎಷ್ಟೋ ವೇಳೆ ಬದುಕಿರುವವರೆಗೂ, ರೋಗಾಣುವನ್ನು ಹೊತ್ತುಕೊಂಡಿರುತ್ತದೆ. ಆರೋಗ್ಯವಾಗಿ ಹಾಲು ಕೊಡುತ್ತಿರುವ ಪಕ್ಕದ ಹಸುವಿನಲ್ಲೂ ಪಿಸಿಆರ್ ಪಾಸಿಟಿವ್ ಬರಬಹುದು. ಅದಷ್ಟರಿಂದಲೇ ಅದಕ್ಕೆ ಸೂಜಿ ಹಾಕಿಸಬೇಡಿ. ನಿಮ್ಮ ಹಸುವಿನಲ್ಲಿ ರಕ್ತಹೀನತೆ ಕಣ್ಣಿಗೆ ಕಾಣುತ್ತಿರುವುದರಿಂದಲೇ ಫಲಿತಾಂಶಕ್ಕೆ ತೂಕ ಬರುತ್ತದೆ.

ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲೇ ತೆಗೆಸಿ. ಒಮ್ಮೆ ಹಸಿರು ಮುಚ್ಚಳದ ಹೆಪಾರಿನ್ ಕೊಳವೆಯಲ್ಲಿ ಬಂದ ಮಾದರಿಯನ್ನು ನಾನು ಎರಡು ಬಾರಿ ಪರೀಕ್ಷಿಸಿದರೂ, ರೋಗಾಣುವಿನದು ಹಾಗಿರಲಿ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ನೋಡುವ ದನದ ಸ್ವಂತ ಜೀನಿನ ಪಟ್ಟಿಯೂ, ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಮೂಡಲಿಲ್ಲ. ಹೆಪಾರಿನ್ ಪಿಸಿಆರ್ ಕ್ರಿಯೆಯನ್ನೇ ತಡೆದಿತ್ತು. ಕೊಳವೆಯನ್ನು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಕಳಿಸಿ, ರಕ್ತ ಹಿಮಗಟ್ಟಲು ಬಿಡಬೇಡಿ. ಸಾಧ್ಯವಾದರೆ ಈ ರೋಗಕ್ಕೆ ಕೊಡುವ ಆಂಟಿಬಯಾಟಿಕ್ ಆಕ್ಸಿಟೆಟ್ರಾಸೈಕ್ಲಿನ್ ಹಾಕುವ ಮೊದಲೇ ರಕ್ತ ತೆಗೆಯಲಿ, ಆದರೆ ವರದಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬೇಡಿ. ಉಣ್ಣೆಗಳಿಂದಲೇ ಹರಡುವ ಥೈಲೇರಿಯಾ ಮತ್ತು ಬಬೇಸಿಯಾ ಏಕಕೋಶ ಪರಜೀವಿಗಳು, ಬ್ಯಾಕ್ಟೀರಿಯಾಗಳಲ್ಲವಾದ್ದರಿಂದ ಅನಾಪ್ಲಾಸ್ಮಾದ ಪರೀಕ್ಷೆ ಅವುಗಳನ್ನು ಹಿಡಿಯುವುದಿಲ್ಲ. ಅದೇ ರಕ್ತದಲ್ಲಿ ಅವೆರಡನ್ನೂ ನೋಡುವಂತೆ ಕೋರಿಕೆ ಪತ್ರದಲ್ಲಿ ಬರೆಸಿಬಿಡಿ.